ಮಂತ್ರ ಮುಗಿಯುವ ತನಕ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ವಿಭಾಗ. ಅಲ್ಲಿ ಅವಳನ್ನು ಎಲ್ಲರೂ ಗಂಟಕ್ಕ ಎಂದೇ ಕರೆಯುತ್ತಿದ್ದರು. ವಾರ್ಡುಗಳಲ್ಲಿ ಕೊಳೆ ಬಟ್ಟೆಯನ್ನೆಲ್ಲ ಒಂದು ಬೆಡ್‌ಶೀಟಿನ ಮೇಲೆ ರಾಶಿ ಹಾಕಿ, ಅದರ ತುದಿಗಳನ್ನು ಸೇರಿಸಿ ಗಂಟು ಬಿಗಿದು ಕೆಳಕ್ಕೆ ಕಳಿಸುತ್ತಾರೆ. ಬಿಗಿಯುವವರಿಗೆ ಅವಸರ, ಬಿಚ್ಚುವವರು ಯಾರೆಂದು ಅವರಿಗೆ ಗೊತ್ತಿಲ್ಲ. ಒದ್ದೆ ಬಟ್ಟೆಯ ಭಾರಕ್ಕೆ ಗಂಟು ದಾರಿಯಲ್ಲೇ ಇನ್ನಷ್ಟು ಬಿಗಿದು, ಕೆಳಗೆ ಬರುವಷ್ಟರಲ್ಲಿ ಕಲ್ಲಾಗಿರುತ್ತದೆ. ಕತ್ತರಿ ಹಾಕುವ ಹಾಗಿಲ್ಲ, ಬೆಡ್‌ಶೀಟು ಹಾಳಾದರೆ ಸೂಪರ್‌ವೈಸರ್ ಬೈಯುತ್ತಾನೆ. ಆಗ ಎಲ್ಲರೂ ಅವಳ ಕಡೆ ನೋಡುತ್ತಿದ್ದರು. ಅವಳು ಗಂಟನ್ನು ಎಳೆಯುತ್ತಿರಲಿಲ್ಲ, ಒಳಕ್ಕೆ ತಳ್ಳುತ್ತಿದ್ದಳು. ಹೆಬ್ಬೆರಳಿನಲ್ಲಿ ಒತ್ತಿ ಒತ್ತಿ ತಳ್ಳಿ, ಎಲ್ಲೋ ಒಂದು ಕಡೆ ಅದು ಸಡಿಲವಾದಾಗ ತುದಿ ಹಿಡಿದು ಬಿಡಿಸುತ್ತಿದ್ದಳು.

ಆ ದೊಡ್ಡ ಕೋಣೆ ಅಡ್ಡಗೋಡೆಯಿಂದ ಎರಡು ಭಾಗವಾಗಿತ್ತು. ಈಚೆ ಕೊಳೆ ಬದಿ, ಆಚೆ ಶುದ್ಧ ಬದಿ. ಒಗೆಯುವ ಯಂತ್ರಗಳು ಗೋಡೆಯೊಳಗೇ ಕೂತಿದ್ದವು. ಪ್ರತಿಯೊಂದಕ್ಕೂ ಎರಡು ಬಾಗಿಲು. ಕೊಳೆ ಬದಿಯಿಂದ ಬಟ್ಟೆ ತುಂಬಬೇಕು, ಶುದ್ಧ ಬದಿಯಿಂದ ತೆಗೆಯಬೇಕು. ಒಂದು ಬಾಗಿಲು ತೆರೆದಿದ್ದಾಗ ಇನ್ನೊಂದು ತೆರೆಯುವುದಿಲ್ಲ. ಒಗೆತ ಶುರುವಾದ ಮೇಲಂತೂ ಎರಡೂ ಲಾಕ್; ಯಾರು ಬಂದು ಎಳೆದರೂ ಜಗ್ಗುವುದಿಲ್ಲ. ಗಂಟಕ್ಕ ಕೆಲಸಕ್ಕೆ ಸೇರಿದಾಗಿನಿಂದ ಕೊಳೆ ಬದಿಯಲ್ಲೇ ಇದ್ದಳು. ಆಚೆ ಬದಿಯ ಬಿಸಿ ಬಟ್ಟೆಯ ವಾಸನೆ ಅವಳಿಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಬೇಕೆಂಬ ಆಸೆಯೂ ಯಾವತ್ತೋ ಹೋಗಿತ್ತು.

ಅವಳ ಪಕ್ಕದಲ್ಲಿ ಬಟ್ಟೆ ವಿಂಗಡಿಸುವವಳಿಗೆ ಹಲ್ಲಕ್ಕ ಎಂದು ಹೆಸರು. ಒಮ್ಮೆ ದಿಂಬಿನ ಚೀಲದೊಳಗೆ ಯಾರದೋ ಹಲ್ಲುಸೆಟ್ಟು ಸಿಕ್ಕಿ, ಅದನ್ನು ಕೈಯಲ್ಲಿ ಹಿಡಿದುಕೊಂಡು ವಾರ್ಡಿಂದ ವಾರ್ಡಿಗೆ ಹೋಗಿ, ಮಲಗಿದ್ದ ಮುದುಕರ ಬಾಯನ್ನೆಲ್ಲ ತೆಗೆಸಿ ನೋಡಿದ್ದಳು. ಕೊನೆಗೆ ಅದು ಒಬ್ಬ ಡಾಕ್ಟರರದು ಎಂದು ತಿಳಿಯಿತು. ಅವತ್ತಿನಿಂದ ಅವಳ ಬಾಯಿಗೆ ಬೀಗವಿಲ್ಲ. ಗಂಟಕ್ಕನ ಮೌನವೂ ಹಲ್ಲಕ್ಕನ ಮಾತೂ ಒಂದಕ್ಕೊಂದು ಹೊಂದಿಕೊಂಡು, ಇಬ್ಬರೂ ವರ್ಷಗಟ್ಟಲೆ ಜೊತೆಯಲ್ಲೇ ಕೆಲಸ ಮಾಡಿದ್ದರು.

ಮೊದಲು ಜೋಮು ಹಿಡಿದದ್ದು ಬಲಗೈಯ ಬೆರಳುಗಳಿಗೆ. ಬೆಳಿಗ್ಗೆ ಎದ್ದಾಗ ಕೈ ಕೊಡವಿದರೆ ಹೋಗುತ್ತಿತ್ತು. ಆಮೇಲೆ ಹೋಗಲಿಲ್ಲ, ಎಡಗೈಗೂ ಹತ್ತಿತು. ಲೋಟ ಹಿಡಿದರೆ ಹಿಡಿದಿದ್ದೇನೋ ಇಲ್ಲವೋ ಎಂದು ಕಣ್ಣಿಂದ ನೋಡಿ ಖಾತ್ರಿ ಮಾಡಿಕೊಳ್ಳಬೇಕಿತ್ತು. ಒಂದು ದಿನ ಒಂದು ಗಂಟು ಬಿಚ್ಚಲಾಗದೆ ಸುಮ್ಮನೆ ಅದನ್ನು ನೋಡುತ್ತ ನಿಂತುಬಿಟ್ಟಳು. ಹಲ್ಲಕ್ಕ ಅತ್ತ ಇತ್ತ ನೋಡಿ, ಕತ್ತರಿ ಹಾಕಿ, ಹರಿದ ತುದಿಯನ್ನು ಮಡಚಿ ರಾಶಿಯ ಅಡಿಗೆ ತುರುಕಿದಳು.

“ಡಾಕ್ಟರಿಗೆ ತೋರ್ಸೇ ಮಾರಾಯ್ತಿ. ಆಸ್ಪತ್ರೆ ಹೊಟ್ಟೆ ಒಳಗೇ ಇದ್ಕೊಂಡು ಡಾಕ್ಟರ ಮುಖ ನೋಡಿಲ್ಲ ಅಂದ್ರೆ ಯಾರಾದ್ರೂ ನಗ್ತಾರೆ.”

ಡಾಕ್ಟರು ಮಣಿಕಟ್ಟನ್ನು ತಟ್ಟಿ ನೋಡಿದರು. ನರ ಒತ್ತಿಕೊಂಡಿದೆ ಎಂದರು. ಒದ್ದೆ ಬಟ್ಟೆ ಹಿಂಡುವುದು, ಎತ್ತುವುದು, ತಿರುಚುವುದು ಕಡಿಮೆ ಮಾಡಬೇಕು ಎಂದರು.

“ಇಲ್ಲಿಯದಾ, ಮನೇದಾ?” ಎಂದು ಅವಳು ಕೇಳಿದಳು.

“ಎರಡೂ. ಮನೇಲಿ ಸಹಾಯಕ್ಕೆ ಯಾರೂ ಇಲ್ವಾ?”

“ಇದಾರೆ ಸಾರ್. ಎಲ್ಲರೂ ಇದಾರೆ.”

ಡಾಕ್ಟರು ಮುಲಾಮು ಬರೆದುಕೊಟ್ಟು, ಕೆಲಸಗಾರರಿಗೆಂದೇ ಆಸ್ಪತ್ರೆಯವರು ಯೋಗದ ತರಗತಿ ಶುರುಮಾಡಿದ್ದಾರೆ, ಸೇರಿಕೊಳ್ಳಿ ಎಂದರು. ಸೇರಿಕೊಂಡಳು. ಅವಳಿಗೆ ಯಾರಾದರೂ ಏನಾದರೂ ಹೇಳಿದರೆ ಮಾಡಿಬಿಡುವುದು ಅಭ್ಯಾಸ. ಮಾಡುವುದಿಲ್ಲ ಎನ್ನುವುದಕ್ಕೆ ಬೇಕಾದ ಕಸುವು ಆ ವರ್ಷಗಳಲ್ಲಿ ಅವಳಲ್ಲಿ ಇರಲಿಲ್ಲ. ಹಿಂದಿನ ವರ್ಷ ಅವಳ ತಾಯಿ ತೀರಿಕೊಂಡಾಗಲೂ ಹಾಗೇ. ಅಳುವವರಿಗೆ ನೀರು ಕೊಡುವ, ಬಂದವರಿಗೆ ಚಹಾ ಮಾಡುವ, ಕೂತವರು ಎದ್ದ ಮೇಲೆ ಲೋಟ ತೊಳೆಯುವ ಕೆಲಸ ಅವಳ ಪಾಲಿಗೆ ಬಂದಿತ್ತು. ಎಲ್ಲರೂ ಅತ್ತು ಮುಗಿಸಿ ಹೋದ ಮೇಲೆ ಅವಳಿಗೆ ಬಿಡುವಾಯಿತು. ಆಗ ಅಳು ಬರಲಿಲ್ಲ. ಆಮೇಲೂ ಬರಲಿಲ್ಲ.

ತರಗತಿ ನಡೆಯುತ್ತಿದ್ದುದು ಕೆಲಸಗಾರರು ಊಟ ಮಾಡುವ ಹಾಲ್‌ನಲ್ಲಿ. ಮೇಜುಗಳನ್ನು ಗೋಡೆಗೆ ಸರಿಸಿ ಚಾಪೆ ಹಾಸುತ್ತಿದ್ದರು. ನೆಲದಲ್ಲಿ ಅನ್ನದ ಅಗುಳು ಅಂಟಿಕೊಂಡಿರುತ್ತಿತ್ತು. ಕಲಿಸುವವಳು ಎಳೆ ವಯಸ್ಸಿನ ಹುಡುಗಿ, ಸಣ್ಣ ಧ್ವನಿ. ಎಲ್ಲರೂ ಅವಳನ್ನು ಟೀಚರ್ ಎನ್ನುತ್ತಿದ್ದರು. ಆಸನಗಳಿಗೆ ಮೊದಲು ಶುದ್ಧಿಮಂತ್ರ ಹೇಳಬೇಕು ಎಂದಳು. ಪಕ್ಕದಲ್ಲಿ ಒಂದು ಲೋಟ ನೀರು. ಬಲಗೈಗೆ ಸ್ವಲ್ಪ ಹಾಕಿಕೊಂಡು, ಕಣ್ಣು ಮುಚ್ಚಿ, ಸಂಸ್ಕೃತದ ಆ ಸಾಲುಗಳನ್ನು ನಿಧಾನವಾಗಿ ಹೇಳಿ, ಕೊನೆಗೆ ನೀರನ್ನು ತಲೆಯ ಮೇಲೆ, ಮೈಮೇಲೆ ಚಿಮುಕಿಸಿಕೊಳ್ಳಬೇಕು.

“ಅರ್ಥ ಏನು ಅಂದ್ರೆ, ಮನುಷ್ಯ ಯಾವ ಸ್ಥಿತಿಯಲ್ಲೇ ಇರಲಿ, ಕೊಳೆಯಾಗಿರಲಿ, ಶುದ್ಧವಾಗಿರಲಿ, ಇದನ್ನು ನೆನೆದು ಹೇಳಿದ್ರೆ ಒಳಗೂ ಹೊರಗೂ ಶುಚಿಯಾಗ್ತಾನೆ. ಹೇಳ್ತಾ ಹೇಳ್ತಾ ಕೆಲವರಿಗೆ ಕಣ್ಣೀರು ಬರುತ್ತೆ. ಬಂದ್ರೆ ಬರಲಿ, ತಡೀಬೇಡಿ. ಅದೂ ಶುದ್ಧಿಯೇ. ಇನ್ನೊಂದು ಮಾತು. ಶುರು ಮಾಡಿದ ಮಂತ್ರವನ್ನ ಅರ್ಧಕ್ಕೆ ನಿಲ್ಲಿಸಬಾರದು. ಮಧ್ಯದಲ್ಲಿ ಮಾತಾಡಬಾರದು, ಯಾರೂ ಮಾತಾಡಿಸಲೂಬಾರದು.”

ಹಲ್ಲಕ್ಕ ಹಿಂದಿನ ಸಾಲಿನಿಂದ ಪಿಸುಗುಟ್ಟಿದಳು. “ಇಡೀ ಆಸ್ಪತ್ರೆ ಶುದ್ಧಿ ಮಾಡಿ ಬಂದಿದೀವಿ, ಈಗ ನಮ್ಮನ್ನೂ ಯಂತ್ರಕ್ಕೆ ಹಾಕ್ತಾ ಇದಾರೆ.”

ಕೆಲವರು ಅತ್ತರು. ಅಡುಗೆಕೋಣೆಯ ಹೆಂಗಸೊಬ್ಬಳು ಬಿಕ್ಕಿ ಬಿಕ್ಕಿ ಅತ್ತು, ಆಮೇಲೆ ನಾಚಿಕೊಂಡು ನಕ್ಕಳು. ಗಂಟಕ್ಕನಿಗೆ ಏನೂ ಆಗಲಿಲ್ಲ. ಅಂಗೈಯಲ್ಲಿ ಹಾಕಿಕೊಂಡ ನೀರು ತಣ್ಣಗಿದೆಯೋ ಬೆಚ್ಚಗಿದೆಯೋ ಅದೂ ತಿಳಿಯಲಿಲ್ಲ. ಸಾಲುಗಳು ಮಾತ್ರ ಬಾಯಿಗೆ ಬಂದವು. ಟೀಚರ್ ತನ್ನ ಧ್ವನಿಯಲ್ಲೇ ಹೇಳಿ ಮೊಬೈಲಿಗೆ ಕಳಿಸಿದ್ದಳು; ಅದನ್ನು ಬಟ್ಟೆ ವಿಂಗಡಿಸುತ್ತ ಕೇಳಿ ಕೇಳಿ ಕಲಿತಳು. ಮನೆಯಲ್ಲೂ ಬೆಳಿಗ್ಗೆ ಕೂತು ಹೇಳಿ ಎಂದು ಟೀಚರ್ ಹೇಳಿದ್ದಕ್ಕೆ ಮನೆಯಲ್ಲೂ ಕೂತಳು.

ಮನೆ ಎಂದರೆ ಮೂರನೇ ಮಹಡಿಯ ಎರಡು ಕೋಣೆ, ಒಂದು ಅಡುಗೆಮನೆ. ಗಂಡ ಬಸ್ ಕಂಡಕ್ಟರ್. ಮಗಳು ಕಾಲೇಜಿನ ಕೊನೆಯ ವರ್ಷ. ಹಿಂದಿನ ಕೋಣೆಯಲ್ಲಿ ಮಂಚಕ್ಕೂ ಕಪಾಟಿಗೂ ನಡುವೆ ಒಬ್ಬರು ಕಾಲು ಮಡಚಿ ಕೂರುವಷ್ಟು ಜಾಗವಿತ್ತು. ಮಡಚಿದ ಬಟ್ಟೆ ಇಡುವ ಬುಟ್ಟಿಯನ್ನು ಮಂಚದ ಮೇಲಿಟ್ಟು ಅವಳು ಅಲ್ಲಿ ಕೂತಳು. ಮಂತ್ರ ಶುರುಮಾಡಿ ಇನ್ನೂ ಎರಡನೇ ಸಾಲಿಗೆ ಬಂದಿರಲಿಲ್ಲ, ಬಚ್ಚಲಿನಿಂದ ಗಂಡನ ಕೂಗು ಕೇಳಿತು.

“ಏನೇ, ಟವೆಲ್ ಎಲ್ಲಿ?”

ಅವಳ ನಾಲಿಗೆ ತಾನಾಗಿಯೇ ಬಾಗಿಲ ಹಿಂದೆ ಇದೆ ಎನ್ನಲು ಹೊರಟಿತು. ಅರ್ಧಕ್ಕೆ ನಿಲ್ಲಿಸಬಾರದು ಎಂಬ ಮಾತು ನೆನಪಾಗಿ ಅವಳು ಎರಡನೇ ಸಾಲಿಗೆ ಹೋದಳು.

“ಏ, ನಿನಗೇ ಹೇಳ್ತಿರೋದು. ಟವೆಲ್!”

“ಅಪ್ಪಾ, ಅಮ್ಮ ಮಂತ್ರ ಹೇಳ್ತಿದಾಳೆ” ಎಂದು ಮಗಳು ಹಾಸಿಗೆಯಿಂದಲೇ ಕೂಗಿದಳು.

“ಮಂತ್ರಾನಾ? ಯಾವ ಮಂತ್ರ?”

“ಶುದ್ಧಿ ಆಗೋ ಮಂತ್ರವಂತೆ. ಮಧ್ಯೆ ಮಾತಾಡಿಸಬಾರದಂತೆ. ಮಾತಾಡಿಸಿದವರಿಗೆ ಏನಾಗುತ್ತೋ ನಂಗೊತ್ತಿಲ್ಲ.”

ಕೊನೆಯ ಮಾತು ಮಗಳೇ ಸೇರಿಸಿದ್ದು. ಅದು ಸರಿಯಾದ ಕಡೆ ಹೋಗಿ ತಗುಲಿತು. ಕಂಡಕ್ಟರನಿಗೆ ದೇವರ ಭಯಕ್ಕಿಂತ ಅಪಶಕುನದ ಭಯ ಹೆಚ್ಚು. ಬೆಳಗಿನ ಮೊದಲ ಪ್ರಯಾಣಿಕ ಕುಂಟಿಕೊಂಡು ಹತ್ತಿದರೂ ಅವನಿಗೆ ದಿನವಿಡೀ ಕಸಿವಿಸಿ. ಬಚ್ಚಲಲ್ಲಿ ಸದ್ದು ನಿಂತಿತು. ಆಮೇಲೆ ಒದ್ದೆ ಕಾಲಿನ ಸಪ್ಪಳ, ಬಾಗಿಲು ತಳ್ಳಿದ ಸದ್ದು, “ಓ, ಇಲ್ಲೇ ಇದೆಯಲ್ಲ” ಎಂಬ ಗೊಣಗಾಟ.

ಗಂಟಕ್ಕ ಕೈಯಲ್ಲಿದ್ದ ನೀರನ್ನು ತಲೆಗೆ ಚಿಮುಕಿಸಿಕೊಂಡಳು. ಸಂತೋಷವೇನೂ ಆಗಲಿಲ್ಲ. ಮದುವೆಯಾದ ಮೇಲೆ ಮೊದಲ ಸಲ ಈ ಮನೆಯಲ್ಲಿ ಕೇಳಿದ ಒಂದು ಪ್ರಶ್ನೆಗೆ ಅವಳು ಉತ್ತರ ಕೊಟ್ಟಿರಲಿಲ್ಲ, ಆದರೂ ಟವೆಲ್ ಸಿಕ್ಕಿತ್ತು. ಅಷ್ಟನ್ನು ಅವಳು ಗಮನಿಸಿದಳು.

ಮರುದಿನವೂ ಕೂತಳು. ಅದರ ಮರುದಿನವೂ. ಶುದ್ಧಿ ಅವಳಿಗೆ ಬೇಕಿರಲಿಲ್ಲ. ಯಾರೂ ಕರೆಯದ ಒಂದಿಷ್ಟು ಹೊತ್ತು ಬೇಕಿತ್ತು. ಬೇಕಿತ್ತು ಎಂದು ಅವಳಿಗೆ ತಿಳಿದದ್ದೇ ಅದು ಸಿಕ್ಕ ಮೇಲೆ. ಆ ಹೊತ್ತಿನಲ್ಲಿ ಅವಳು ಏನನ್ನೂ ಯೋಚಿಸುತ್ತಿರಲಿಲ್ಲ, ಏನನ್ನೂ ಬೇಡಿಕೊಳ್ಳುತ್ತಿರಲಿಲ್ಲ. ಕಪಾಟಿನ ಕೆಳಗಿನ ಧೂಳನ್ನು ನೋಡಿ, ಅದನ್ನು ಗುಡಿಸದೆ ಕೂತಿರುತ್ತಿದ್ದಳು. ಬಾಯಿ ಮಾತ್ರ ಆಡುತ್ತಿತ್ತು. ಜೋರಾಗಿ ಹೇಳಿದಷ್ಟೂ ಒಳ್ಳೆಯದು ಎಂದು ಬೇಗ ಕಂಡುಕೊಂಡಳು, ಧ್ವನಿ ಇಳಿದರೆ “ಮುಗೀತಾ?” ಎಂದು ಬಾಗಿಲಲ್ಲಿ ತಲೆ ಕಾಣಿಸಿಕೊಳ್ಳುತ್ತಿತ್ತು.

ಮಂತ್ರ ಬಹಳ ಚಿಕ್ಕದು. ಅದಕ್ಕೆ ಅವಳು ಮತ್ತೆ ಮತ್ತೆ ಹೇಳತೊಡಗಿದಳು. ಇನ್ನೊಂದು ಸಲ, ಇನ್ನೊಂದು ಸಲ ಎಂದು ಅದು ಬೆಳೆಯಿತು. ಮನೆಯವರು ಅದಕ್ಕೆ ಒಗ್ಗಿಕೊಂಡರು. ಒಗ್ಗಿಕೊಂಡರು ಎಂದರೆ ಕಾಯುವುದನ್ನು ಕಲಿತರು. ಇಸ್ತ್ರಿ ಆಗದ ಅಂಗಿ, ಗುಂಡಿ ಕಿತ್ತ ಪ್ಯಾಂಟು, ಸಿಗದ ಸಾಕ್ಸು, ಖಾಲಿಯಾದ ಸೋಪು, ಎಲ್ಲವನ್ನೂ ಕೈಯಲ್ಲಿ ಹಿಡಿದುಕೊಂಡು ಬಾಗಿಲಾಚೆ ನಿಂತಿರುತ್ತಿದ್ದರು. ಕೊನೆಯ ಸಾಲು ಮುಗಿದು ನೀರು ಚಿಮುಕಿಸಿಕೊಂಡದ್ದೇ ತಡ, ತಡೆದಿಟ್ಟ ಕೂಗೆಲ್ಲ ಒಟ್ಟಿಗೆ ಬಂದು ಬೀಳುತ್ತಿತ್ತು. ಅವಳು ಎದ್ದು ಒಂದೊಂದನ್ನೇ ಮುಗಿಸಿ ಕೆಲಸಕ್ಕೆ ಹೋಗುತ್ತಿದ್ದಳು. ಒಟ್ಟು ಕೆಲಸ ಒಂದು ಚೂರೂ ಕಡಿಮೆಯಾಗಲಿಲ್ಲ. ಕೂತಿದ್ದಷ್ಟು ಹೊತ್ತು ಮಾತ್ರ ಅವಳದಾಗಿತ್ತು.

“ಹೆಂಗಿದೆ ಶುದ್ಧಿ? ಜೋಮು ಇಳೀತಾ?” ಎಂದು ಹಲ್ಲಕ್ಕ ಕೇಳಿದಳು.

“ಇಲ್ಲ.”

“ಮತ್ಯಾಕೆ ದಿನಾ ಕೂರ್ತೀಯ?”

“ಕೂತಾಗ ಯಾರೂ ಕರೆಯಲ್ಲ.”

ಹಲ್ಲಕ್ಕ ಕೈಯಲ್ಲಿದ್ದ ಬಟ್ಟೆ ಬಿಟ್ಟು ಅವಳ ಮುಖ ನೋಡಿದಳು. “ನಂಗೂ ಹೇಳ್ಕೊಡೇ” ಎಂದಳು. ಆಗ ಮಾತ್ರ ಅವಳ ಧ್ವನಿಯಲ್ಲಿ ತಮಾಷೆ ಇರಲಿಲ್ಲ.

ಆ ಬೇಸಿಗೆಯ ಕೊನೆಗೆ ಕಂಡಕ್ಟರ್ ನಿವೃತ್ತನಾದ. ಹಾರ ಹಾಕಿಸಿಕೊಂಡು ಮನೆಗೆ ಬಂದವನು ಕೆಲವು ದಿನ ಕಿಟಕಿಯ ಪಕ್ಕ ಕೂತು ಕೆಳಗೆ ಹೋಗುವ ಬಸ್ಸುಗಳನ್ನು ಬೈದ. ಆಮೇಲೆ ಬೈಯುವುದಕ್ಕೆ ಏನೂ ಉಳಿಯಲಿಲ್ಲ. ಕೆಟ್ಟವನಲ್ಲ ಅವನು. ಕುಡಿಯುತ್ತಿರಲಿಲ್ಲ, ಕೈ ಎತ್ತುತ್ತಿರಲಿಲ್ಲ. ಮನೆಯಲ್ಲಿ ಯಾವ ವಸ್ತು ಎಲ್ಲಿರುತ್ತದೆ ಎಂಬುದಷ್ಟೇ ಅವನಿಗೆ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳುವ ಕೆಲಸ ತನ್ನದು ಎಂದು ಯಾರೂ ಅವನಿಗೆ ಹೇಳಿರಲಿಲ್ಲ.

ಒಂದು ಬೆಳಿಗ್ಗೆ ಅವಳ ಮಂತ್ರ ಮುಗಿಯುವುದನ್ನೇ ಕಾದಿದ್ದು ಅವನು ಕೇಳಿದ. “ಇದನ್ನ ಹೇಳಿದ್ರೆ ಮನಸ್ಸಿಗೆ ನೆಮ್ಮದಿ ಸಿಗುತ್ತಾ?”

“ಟೀಚರ್ ಹಾಗಂತಾರೆ.”

“ನಂಗೂ ಹೊತ್ತು ಹೋಗ್ತಿಲ್ಲ. ನಾಳೆಯಿಂದ ನಾನೂ ಕೂತ್ಕೋತೀನಿ.”

ಅವಳು ಸರಿ ಎಂದಳು.

ಸಂಜೆ ಅವನು ಅಂಗಡಿಗೆ ಹೋಗಿ ದಪ್ಪನೆಯ ನೀಲಿ ಚಾಪೆ ತಂದ. ಬೆಳಿಗ್ಗೆ ಅವಳಿಗಿಂತ ಮೊದಲು ಎದ್ದು ಮಂಚ ಮತ್ತು ಕಪಾಟಿನ ನಡುವೆ ಅದನ್ನು ಹಾಸಿದ. ಚಾಪೆ ಅಲ್ಲಿಗೆ ಹೇಳಿ ಮಾಡಿಸಿದ ಹಾಗೆ ಕೂತಿತು. ಇನ್ನೊಬ್ಬರಿಗೆ ಮೊಣಕಾಲು ಊರುವಷ್ಟೂ ಜಾಗ ಉಳಿಯಲಿಲ್ಲ. ಅವಳು ಬಾಗಿಲ ಬಳಿ ಕೂತಳು. ಇಬ್ಬರೂ ಶುರುಮಾಡಿದರು. ಜೀವಮಾನವಿಡೀ ತುಂಬಿದ ಬಸ್ಸಿನ ಹಿಂಬಾಗಿಲಿಗೆ ಕೇಳುವಂತೆ ಕೂಗಿದ ಗಂಟಲು ಅವನದು. ಮೊದಲ ಸಾಲಿಗೇ ಪಕ್ಕದ ಮನೆಯ ಕಿಟಕಿ ಮುಚ್ಚಿತು.

“ಅಪ್ಪ ಮಂತ್ರ ಹೇಳ್ತಿದಾರೋ ಸ್ಟಾಪ್ ಹೆಸರು ಕೂಗ್ತಿದಾರೋ” ಎಂದಳು ಮಗಳು. “ಮುಂದೆ ಹೋಗಿ, ಮುಂದೆ ಹೋಗಿ ಅನ್ನೋದೊಂದು ಬಾಕಿ.”

ಅವನು ಅದನ್ನು ಪೂರ್ತಿ ಮುಗಿಸಿಯೇ ಕಣ್ಣು ಬಿಟ್ಟ. “ಎರಡು ಧ್ವನಿ ಸೇರಿದ್ರೆ ಗೋಜಲಾಗುತ್ತೆ ಕಣೇ. ನಂಗೆ ತಪ್ಪಿಹೋಗುತ್ತೆ. ನೀನಾದ್ರೆ ಹಳಬಳು, ಬಾಯಿಪಾಠ ಬಂದಿದೆ. ಮನಸ್ಸಲ್ಲೇ ಹೇಳ್ಕೋಬಹುದಲ್ಲ. ಚಹಾ ಇಡ್ತಾ ಇಡ್ತಾನೇ ಆಗುತ್ತೆ. ಇಬ್ಬರೂ ಕೂತರೆ ಚಹಾ ಮಾಡೋರು ಯಾರು?”

ಕೊನೆಯ ಪ್ರಶ್ನೆಗೆ ಅವನು ಉತ್ತರ ಕಾಯಲಿಲ್ಲ. ಅದು ಪ್ರಶ್ನೆ ಎಂದೂ ಅವನಿಗೆ ಅನ್ನಿಸಿರಲಿಲ್ಲ.

ಅವಳು ತರಗತಿಯಲ್ಲಿ ಟೀಚರನ್ನು ಕೇಳಿದಳು. ಮನಸ್ಸಲ್ಲಿ ಹೇಳಿಕೊಂಡರೆ ಆಗುತ್ತಾ ಎಂದು. ಟೀಚರ್ ಮುಖ ಅರಳಿತು. “ಖಂಡಿತ. ಬಾಯಲ್ಲಿ ಹೇಳೋದಕ್ಕಿಂತ ತುಟಿಯಲ್ಲಿ ಹೇಳೋದು ಮೇಲು, ಅದಕ್ಕಿಂತ ಮನಸ್ಸಲ್ಲಿ ಹೇಳೋದು ಮೇಲು. ನೀವು ಮುಂದಿನ ಹಂತಕ್ಕೆ ಹೋಗ್ತಿದೀರಿ ಅಂದ್ರೆ ನಂಗೆ ತುಂಬಾ ಖುಷಿ ಅಕ್ಕಾ.”

ಮುಂದಿನ ಹಂತ ಅಡುಗೆಮನೆಯಲ್ಲಿತ್ತು. ಅವಳು ಒಲೆಯ ಮುಂದೆ ನಿಂತು ಮನಸ್ಸಲ್ಲಿ ಹೇಳಿಕೊಂಡು ನೋಡಿದಳು. ಒಂದು ಸಾಲು ಮುಗಿಯುವಷ್ಟರಲ್ಲಿ ಮಗಳು “ಅಮ್ಮಾ, ನನ್ನ ನೀಲಿ ಟಾಪು?” ಎಂದಳು. ಬಾಗಿಲಿಗೆ ಹಾಲಿನವನು ಬಂದ. ಕೆಳಮನೆಯವಳು ಫೋನ್ ಮಾಡಿ ನಿಮ್ಮ ಪೈಪು ಸೋರುತ್ತಿದೆ ಎಂದಳು. ಮನಸ್ಸಿನಲ್ಲಿ ನಡೆಯುವ ಮಂತ್ರಕ್ಕೆ ಬಾಗಿಲೂ ಇಲ್ಲ, ಲಾಕೂ ಇಲ್ಲ. ಬಾಯಿ ಮುಚ್ಚಿಕೊಂಡು ನಿಂತ ಹೆಂಗಸು ಎಲ್ಲರ ಕಣ್ಣಿಗೂ ಖಾಲಿ ನಿಂತ ಹೆಂಗಸೇ. ಅವಳು ಮಂತ್ರ ಬಿಟ್ಟಳು.

ಮಂತ್ರ ಬಿಟ್ಟರೂ ಮಂತ್ರದ ಕೆಲಸ ಬಿಡಲಿಲ್ಲ. ಗಂಡನ ಲೋಟಕ್ಕೆ ನೀರು ತುಂಬಿಡಬೇಕು. ಬೆವರು ಅಂಟಿದ ನೀಲಿ ಚಾಪೆಯನ್ನು ಒರೆಸಿ ಗಾಳಿಗೆ ಹಾಕಬೇಕು. ಅವನು ಕೂತಿದ್ದಾಗ ಪಾತ್ರೆ ಸದ್ದಾಗಬಾರದು, ಮಿಕ್ಸಿ ತಿರುಗಬಾರದು, ಫೋನ್ ಬಂದರೆ ಅವಳೇ ಓಡಿಹೋಗಿ ಎತ್ತಬೇಕು. ಅವನು ಕೊನೆಯ ನೀರು ಚಿಮುಕಿಸಿಕೊಂಡು ಕಣ್ಣು ಬಿಡುವುದಕ್ಕೂ ಚಹಾ ಕೈಗೆ ಬರುವುದಕ್ಕೂ ಸರಿಹೋಗಬೇಕು. ಅವನು ನಿಜವಾಗಿಯೂ ಮೊದಲಿಗಿಂತ ಶಾಂತನಾಗಿದ್ದ. ಸಂಬಂಧಿಕರಿಗೆಲ್ಲ ಫೋನ್ ಮಾಡಿ ಹೇಳುತ್ತಿದ್ದ. ಒಂದು ಬೆಳಿಗ್ಗೆ ಅವನಿಗೆ ಕಣ್ಣೀರೂ ಬಂತು.

“ಎಷ್ಟು ಹಗುರ ಆಯ್ತು ಗೊತ್ತಾ?” ಎಂದು ಚಹಾ ಲೋಟ ತೆಗೆದುಕೊಳ್ಳುತ್ತ ಹೇಳಿದ. “ನಿಂಗೂ ಹೀಗೇ ಆಗ್ತಿತ್ತಾ?”

“ಇಲ್ಲ” ಎಂದಳು.

“ನೀನು ಮನಸ್ಸಿಟ್ಟು ಹೇಳಿಲ್ಲ ಅನ್ಸುತ್ತೆ.”

ಮಗಳು ಅಲ್ಲೇ ತಲೆ ಬಾಚಿಕೊಳ್ಳುತ್ತಿದ್ದಳು. ಬಾಚಣಿಗೆ ಕೂದಲಲ್ಲೇ ನಿಂತಿತು. “ಅಪ್ಪಾ, ಅದು ಅಮ್ಮನ ಜಾಗ.”

“ಮಂತ್ರಕ್ಕೆಂಥ ಜಾಗ? ಎಲ್ಲಿ ಕೂತು ಹೇಳಿದ್ರೂ ಒಂದೇ.”

“ಒಂದೇ ಆದ್ರೆ ನೀವು ಬಾಲ್ಕನಿಯಲ್ಲಿ ಕೂತ್ಕೊಳ್ಳಿ.”

“ಅಲ್ಲಿ ಗದ್ದಲ.”

“ಅಡುಗೆಮನೇಲಿ?”

“ಅಡುಗೆಮನೇಲಿ ಯಾರಾದ್ರೂ ಕೂತು ಮಂತ್ರ ಹೇಳ್ತಾರಾ? ಏನು ಮಾತಾಡ್ತೀಯ.” ಅವನು ಹೆಂಡತಿಯ ಕಡೆ ತಿರುಗಿದ. “ನಿಂಗೇನಾದ್ರೂ ಬೇಜಾರಿದೆಯೇನೇ?”

ಅವಳು ತನ್ನೊಳಗೆ ಹುಡುಕಿ ನೋಡಿದಳು. ಬೇಜಾರು ಎನ್ನುವಂಥದ್ದು ಯಾವುದೂ ಕೈಗೆ ತಗುಲಲಿಲ್ಲ. “ಏನಿಲ್ಲ” ಎಂದಳು. ಮಗಳು ಬಾಚಣಿಗೆಯನ್ನು ಮೇಜಿನ ಮೇಲೆ ಎಸೆದು ಹೊರಟುಹೋದಳು.

ಆಮೇಲೆ ಮಗಳು ತಾನೇ ಒಂದು ದಾರಿ ಹುಡುಕಿದಳು. ಬೆಳಿಗ್ಗೆ ಬೇಗ ಎದ್ದು ಅಡುಗೆಮನೆಗೆ ಬಂದು, ತಾಯಿಯ ಹೆಗಲು ಹಿಡಿದು ಪಕ್ಕಕ್ಕೆ ಸರಿಸಿದಳು. “ನೀನು ಹೋಗಿ ಮುಂದಿನ ಕೋಣೇಲಿ ಕೂತು ಹೇಳ್ಕೋ. ಚಹಾ ನಾನಿಡ್ತೀನಿ.” ಗಂಟಕ್ಕ ಹೋಗಿ ಕೂತಳು. ಕೂತಲ್ಲಿಂದ ಅಡುಗೆಮನೆ ಕಾಣುತ್ತಿತ್ತು. ಮಗಳು ಒಂದು ಕೈಯಲ್ಲಿ ಪರೀಕ್ಷೆಯ ಪುಸ್ತಕ ಹಿಡಿದು, ಇನ್ನೊಂದು ಕೈಯಿಂದ ಹಾಲು ತಿರುವುತ್ತಿದ್ದಳು. ಓದುತ್ತ ಓದುತ್ತ ಹಾಲಿನ ಕಡೆ ನೋಡಿ, ಮತ್ತೆ ಪುಸ್ತಕ ನೋಡಿ, ಮತ್ತೆ ಹಾಲು. ಹಿಂದಿನ ಕೋಣೆಯಿಂದ “ಏನೇ, ಲೋಟಕ್ಕೆ ನೀರಿಟ್ಟಿಲ್ಲ” ಎಂಬ ಕೂಗು ಬಂದಾಗ ಪುಸ್ತಕವನ್ನು ಕಂಕುಳಲ್ಲಿ ಇರುಕಿಕೊಂಡು ನೀರು ಕೊಡಲು ಹೋದದ್ದೂ ಅವಳೇ. ಆ ನಡಿಗೆಯನ್ನು ಗಂಟಕ್ಕ ಗುರುತಿಸಿದಳು. ತಾನು ಆ ವಯಸ್ಸಿನಲ್ಲಿ ಹಾಗೇ ನಡೆಯುತ್ತಿದ್ದಳು. ಎರಡೂ ಕೈ ತುಂಬಿ, ಬಾಗಿಲನ್ನು ಸೊಂಟದಿಂದ ತಳ್ಳಿಕೊಂಡು. ಅವಳು ಮಂತ್ರ ಅರ್ಧಕ್ಕೆ ಬಿಟ್ಟು ಎದ್ದಳು. “ನೀನು ಓದ್ಕೋ ಹೋಗು” ಎಂದು ಮಗಳ ಕೈಯಿಂದ ಸೌಟು ಇಸಿದುಕೊಂಡಳು.

ಹಲ್ಲಕ್ಕನ ಹತ್ತಿರ ಇದನ್ನೆಲ್ಲ ಬಿಡಿಬಿಡಿಯಾಗಿ ಹೇಳಿದಳು, ಬೇರೆ ಯಾರದೋ ಮನೆಯ ಸುದ್ದಿ ಹೇಳುವ ಹಾಗೆ.

“ನಿಂಗೆ ಸಿಟ್ಟು ಬರಲ್ವಾ?”

“ಗೊತ್ತಾಗಲ್ಲ.”

“ಗೊತ್ತಾಗಲ್ಲ ಅಂದ್ರೇನೇ?”

ಗಂಟಕ್ಕ ಗ್ಲೌಸ್ ತೆಗೆದು ತನ್ನ ಬಲಗೈ ನೋಡಿಕೊಂಡಳು. ಬೆಳಿಗ್ಗೆ ಬಿಸಿ ಪಾತ್ರೆ ಮುಟ್ಟಿದ ಗುರುತು ಹೆಬ್ಬೆರಳಿನಲ್ಲಿ ಬೊಬ್ಬೆಯಾಗಿತ್ತು. “ಇದು ಸುಟ್ಟಿದ್ದೂ ನಂಗೆ ಈಗ ನೋಡಿದ ಮೇಲೇ ಗೊತ್ತಾಗಿದ್ದು. ಹಾಗೆ.”

ಹಲ್ಲಕ್ಕ ಯಂತ್ರದ ಕಡೆ ತಿರುಗಿದಳು. ಗೋಡೆಯ ಯಂತ್ರ ತುಂಬಿತ್ತು. ಬಾಗಿಲು ಮುಚ್ಚಿ ಗುಂಡಿ ಒತ್ತಿದಳು. ಬೀಗ ಬಿದ್ದ ಸದ್ದು ಕೇಳಿಸಿತು. ಅಷ್ಟರಲ್ಲಿ ಸೂಪರ್‌ವೈಸರ್ ಓಡಿ ಬಂದ. ಆ ಬಟ್ಟೆಯಲ್ಲಿ ಯಾರೋ ನರ್ಸಿನ ವಾಚು ಸೇರಿಹೋಗಿದೆಯಂತೆ, ತೆಗೆಯಿರಿ ಎಂದ. “ಈಗ ಆಗಲ್ಲ ಸಾರ್, ಶುರುವಾಯ್ತು” ಎಂದಳು ಹಲ್ಲಕ್ಕ. ಅವನು ಹಿಡಿ ಎಳೆದು ನೋಡಿದ, ಬಾಗಿಲಿಗೆ ಗುದ್ದಿದ, ಅದು ಒಗೆತದ ನಡುವೆ ಯಾವತ್ತೂ ತೆರೆಯುವುದಿಲ್ಲ ಎಂದು ಅವನಿಗೆ ಗೊತ್ತಿದ್ದರೂ ಇನ್ನೊಮ್ಮೆ ಎಳೆದ. ಆಮೇಲೆ ಒಂದು ಸ್ಟೂಲ್ ತಂದು ಮುಗಿಯುವ ತನಕ ಅದರ ಮುಂದೆ ಕೂತ. ಯಂತ್ರ ತಿರುಗುತ್ತಿತ್ತು. ಅದಕ್ಕೆ ಅವನ ಮೇಲೆ ಸಿಟ್ಟೂ ಇರಲಿಲ್ಲ, ಏನೂ ಇರಲಿಲ್ಲ. ಗಂಟಕ್ಕ ಅದನ್ನು ಬಹಳ ಹೊತ್ತು ನೋಡಿದಳು.

ಮರುದಿನ ಬೆಳಿಗ್ಗೆ ಅವಳು ಲೋಟಕ್ಕೆ ನೀರು ತುಂಬಿ ಗಂಡನ ಚಾಪೆಯ ಪಕ್ಕ ಇಟ್ಟಳು. ಇನ್ನೊಂದು ಲೋಟಕ್ಕೂ ನೀರು ತುಂಬಿ ಅಡುಗೆಕಟ್ಟೆಯ ಮೇಲೆ ಇಟ್ಟುಕೊಂಡಳು. ಒಲೆಯ ಮೇಲೆ ಹಾಲಿಟ್ಟಳು. ಹಿಂದಿನ ಕೋಣೆಯಲ್ಲಿ ಕಂಡಕ್ಟರ್ ಗಂಟಲು ಸರಿಮಾಡಿಕೊಂಡು ಮೊದಲ ಸಾಲು ಎತ್ತಿದ. ಅವಳು ಒಲೆಯ ಮುಂದೆ ನಿಂತೇ, ಅಂಗೈಗೆ ನೀರು ಹಾಕಿಕೊಂಡು, ಮೊದಲ ಸಾಲು ಎತ್ತಿದಳು. ಮನಸ್ಸಲ್ಲಿ ಅಲ್ಲ. ಬಾಯಲ್ಲಿ, ಮೊದಲು ಹೇಳುತ್ತಿದ್ದಷ್ಟೇ ಜೋರಾಗಿ.

ಹಿಂದಿನ ಕೋಣೆಯ ಧ್ವನಿ ಒಂದು ಕ್ಷಣ ತಡವರಿಸಿತು. ಆಮೇಲೆ ಇನ್ನಷ್ಟು ಏರಿತು. ಅವಳು ಏರಿಸಲಿಲ್ಲ, ಇಳಿಸಲೂ ಇಲ್ಲ. ಅವನು ಮುಗಿಸಿ ಮತ್ತೆ ಶುರುಮಾಡಿದ, ಅವಳೂ ಮುಗಿಸಿ ಮತ್ತೆ ಶುರುಮಾಡಿದಳು. ಅವನಿಗೆ ಕೂಗಿ ಕೇಳುವ ಹಾಗಿರಲಿಲ್ಲ. ತನ್ನ ಮಂತ್ರದ ನಡುವೆ ಮಾತಾಡುವ ಹಾಗಿಲ್ಲ, ಅವಳ ಮಂತ್ರದ ನಡುವೆ ಮಾತಾಡಿಸುವ ಹಾಗೂ ಇಲ್ಲ. ಎರಡೂ ಬಾಗಿಲು ಹಾಕಿತ್ತು.

ಹಾಲಿನ ಅಂಚಿನಲ್ಲಿ ಸಣ್ಣ ಗುಳ್ಳೆಗಳು ಎದ್ದವು. ಕೆನೆ ನಡುಗಿತು. ಅವಳು ನೋಡುತ್ತಿದ್ದಳು. ಮದುವೆಯಾದಾಗಿನಿಂದ ಈ ಒಲೆಯ ಮೇಲೆ ಹಾಲು ಉಕ್ಕಿದ್ದು ಯಾರಿಗೂ ನೆನಪಿಲ್ಲ. ಉಕ್ಕುವ ಮುಂಚಿನ ಆ ಕ್ಷಣಕ್ಕೆ ಅವಳು ಎಲ್ಲಿದ್ದರೂ ಬಂದುಬಿಡುತ್ತಿದ್ದಳು, ಬಚ್ಚಲಲ್ಲಿದ್ದರೂ, ಮಗುವಿಗೆ ಹಾಲೂಡಿಸುತ್ತಿದ್ದರೂ. ಈಗ ಅಡುಗೆಮನೆಯಲ್ಲೇ ಇದ್ದಳು. ಹಾಲು ಮೇಲೆ ಬಂತು, ಪಾತ್ರೆಯ ಅಂಚಿನಲ್ಲಿ ಒಮ್ಮೆ ದುಂಡಗೆ ನಿಂತಿತು, ಆಮೇಲೆ ಸುತ್ತಲೂ ಇಳಿಯಿತು. ಉರಿ ಚಟಚಟ ಎಂದು ಹಳದಿಯಾಯಿತು. ಸುಟ್ಟ ವಾಸನೆ ಎದ್ದಿತು.

ಮಗಳು ಕಣ್ಣುಜ್ಜಿಕೊಂಡು ಓಡಿಬಂದಳು. “ಅಮ್ಮಾ, ಹಾಲು!” ಎನ್ನುತ್ತಲೇ ಒಲೆಯ ಗುಂಡಿಗೆ ಕೈ ಚಾಚಿದಳು. ಗಂಟಕ್ಕ ಎಡಗೈಯಿಂದ ಆ ಕೈಯ ಮಣಿಕಟ್ಟು ಹಿಡಿದಳು. ಹಿಡಿದದ್ದು ಅವಳಿಗೆ ಬೆರಳಿನಿಂದ ತಿಳಿಯಲಿಲ್ಲ. ಕಣ್ಣಿಂದ ನೋಡಿ ತಿಳಿಯಿತು, ಗಟ್ಟಿಯಾಗಿ ಹಿಡಿದಿದ್ದಳು. ಬಾಯಿ ಮೂರನೇ ಸಾಲಿನಲ್ಲಿತ್ತು. ಮಗಳು ತಾಯಿಯ ಮುಖ ನೋಡಿದಳು, ಒಲೆ ನೋಡಿದಳು, ಮತ್ತೆ ಮುಖ ನೋಡಿದಳು. ನಿಧಾನವಾಗಿ ಕೈ ಹಿಂದಕ್ಕೆ ತೆಗೆದುಕೊಂಡು ಗೋಡೆಗೆ ಒರಗಿ ನಿಂತಳು.

ಹಿಂದಿನ ಕೋಣೆಯ ಮಂತ್ರ ಒಂದು ಪದದ ನಡುವೆ ನಿಂತುಹೋಯಿತು. ಕಂಡಕ್ಟರ್ ಬಾಗಿಲಿಗೆ ಬಂದ. “ಏನ್ ಸುಡ್ತಿರೋದು? ಏ, ಹಾಲು ಉಕ್ತಿದೆ ಕಣ್ರೇ! ಇಬ್ಬರೂ ನಿಂತ್ಕೊಂಡು...” ಹೆಂಡತಿಯ ತುಟಿ ಆಡುತ್ತಿತ್ತು, ಅಂಗೈಯಲ್ಲಿ ನೀರಿತ್ತು. ಅವನು ಮಗಳ ಕಡೆ ನೋಡಿದ. ಮಗಳು ಚಾವಣಿ ನೋಡುತ್ತಿದ್ದಳು. ಅವನೇ ಮುಂದೆ ಬಂದು, ಯಾವ ಗುಂಡಿ ಎಂದು ಒಂದು ಕ್ಷಣ ಹುಡುಕಿ, ಒಲೆ ಆರಿಸಿದ. ಹಾಲು ಕಟ್ಟೆಯಿಂದ ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

“ಒರೆಸೋ ಬಟ್ಟೆ ಎಲ್ಲಿ?”

ಅವಳು ಕೊನೆಯ ಸಾಲು ಮುಗಿಸಿ, ಉಸಿರು ತೆಗೆದುಕೊಂಡು, ಮತ್ತೆ ಮೊದಲ ಸಾಲಿಗೆ ಹೋದಳು. ಅವನು ಒಂದು ಡಬ್ಬದ ಹಿಂದೆ ನೋಡಿದ, ಸಿಂಕಿನ ಕೆಳಗೆ ನೋಡಿದ, ಬಾಗಿಲ ಹಿಂದೆ ನೋಡಿದ. ಅವಳು ಮಂತ್ರವನ್ನು ಇನ್ನೆಷ್ಟು ಸಲ ಹೇಳಿದಳೋ. ಕೊನೆಗೆ ಕಿಟಕಿಯ ಸರಳಿನ ಮೇಲೆ ಅವನಿಗೆ ಬಟ್ಟೆ ಸಿಕ್ಕಿತು. ಮೊಣಕಾಲೂರಿ ಕೂತು ಒರೆಸಿದ. ಒಣ ಬಟ್ಟೆಯಿಂದ ಒರೆಸಿ ಹಾಲನ್ನು ಇನ್ನಷ್ಟು ಹರಡಿದ.

ಅವತ್ತು ಕೆಲಸದಲ್ಲಿ ಹಲ್ಲಕ್ಕನಿಗೆ ಇಷ್ಟೇ ಹೇಳಿದಳು. “ಇವತ್ತು ಅವರು ನೆಲ ಒರೆಸಿದ್ರು.”

“ಅಯ್ಯೋ ದೇವರೇ! ಏನಂತ ಹೇಳಿದೆ ನೀನು?”

“ನಾನೇನೂ ಹೇಳಿಲ್ಲ. ಮಂತ್ರ ಹೇಳ್ತಿದ್ದೆ.”

“ಖುಷಿ ಆಯ್ತಾ?”

“ಇಲ್ಲ. ನೆಲ ಸರಿಯಾಗಿ ಒರೆಸಿಲ್ಲ. ಅಂಟ್ತಾ ಇದೆ.” ಮುಂದಿನ ಗಂಟನ್ನು ತನ್ನ ಕಡೆ ಎಳೆದುಕೊಂಡು, “ಅಂಟ್ಲಿ ಬಿಡು” ಎಂದಳು.

ಮರುದಿನ ಅವಳು ಎದ್ದಾಗ ನೀಲಿ ಚಾಪೆ ಸುತ್ತಿಟ್ಟು ಕಪಾಟಿಗೆ ಒರಗಿಸಿತ್ತು. ಕಂಡಕ್ಟರ್ ಮುಂದಿನ ಕೋಣೆಯಲ್ಲಿ ಪೇಪರು ಹಿಡಿದು ಕೂತಿದ್ದ. “ನಂದು ಸಂಜೆ ಹೇಳ್ಕೋತೀನಿ” ಎಂದ, ಪೇಪರಿನಿಂದ ಕಣ್ಣು ತೆಗೆಯದೆ. ಅದರಲ್ಲಿ ಸಿಟ್ಟಿತ್ತೋ, ಸಂಕೋಚವಿತ್ತೋ, ನಿನ್ನೆ ಅರ್ಧಕ್ಕೆ ಮುರಿದ ಮಂತ್ರದ ಭಯವಿತ್ತೋ, ಅವಳು ವಿಚಾರಿಸಲಿಲ್ಲ. ಬಟ್ಟೆಯ ಬುಟ್ಟಿಯನ್ನು ಮಂಚದ ಮೇಲಿಟ್ಟು, ಮಂಚಕ್ಕೂ ಕಪಾಟಿಗೂ ನಡುವೆ ಕೂತಳು. ಕಪಾಟಿನ ಕೆಳಗೆ ಅದೇ ಧೂಳಿತ್ತು.

ಎಷ್ಟೋ ಸಲ ಹೇಳಿದ ಮೇಲೆ ಬಾಗಿಲಲ್ಲಿ ನೆರಳು ಕಾಣಿಸಿತು. ಅವನು ಏನೋ ಕೇಳಲು ಬಂದಿದ್ದ, ತುಟಿ ತೆರೆದಿತ್ತು. ಕೈಯಲ್ಲಿ ಚಹಾದ ಡಬ್ಬವಿತ್ತು. ಎಷ್ಟು ಹಾಕಬೇಕು ಎಂದು ಕೇಳಲು ಬಂದಿರಬೇಕು. ಅವಳು ಅವನನ್ನು ನೋಡಿದಳು, ಬಾಯಿ ಆಡಿಸುತ್ತಲೇ ಇದ್ದಳು. ಅವನು ಡಬ್ಬದೊಳಗೆ ನೋಡಿದ, ಅವಳನ್ನು ನೋಡಿದ, ತಿರುಗಿ ಹೋದ.

ಮುಗಿಸಿ ಎದ್ದು ಬಂದಾಗ ಕಟ್ಟೆಯ ಮೇಲೆ ಲೋಟದಲ್ಲಿ ಚಹಾ ಇತ್ತು. ಕಪ್ಪಗೆ ಕುದಿದು, ಮೇಲೆ ಕೆನೆಗಟ್ಟಿತ್ತು. ಅವಳು ಎರಡೂ ಕೈಯಿಂದ ಹಿಡಿದಳು. ಬಿಸಿಯಿದೆಯೋ ಇಲ್ಲವೋ ಬೆರಳಿಗೆ ತಿಳಿಯಲಿಲ್ಲ. ನಿಂತಲ್ಲೇ ಕುಡಿದಳು. ಬಹಳ ಕಹಿಯಾಗಿತ್ತು. ಪೂರ್ತಿ ಕುಡಿದು, ಲೋಟವನ್ನು ಸಿಂಕಿನಲ್ಲಿಟ್ಟು, ತೊಳೆಯದೆ ಕೆಲಸಕ್ಕೆ ಹೊರಟಳು.